ಸ್ವರ ಹಿಡಿಯದ ಡಿವಿಡಿ

ಸೌಂದರ್ಯಳ ಮದುವೆಯ ಡಿವಿಡಿ ತಯಾರಾಗಿ ಮನೆಗೆ ಬಂದ ಭಾನುವಾರ ಅವಳ ಅಜ್ಜಿ ದ್ಯಾವಮ್ಮ ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಮದುವೆಗೆಂದು ತೆಗೆದಿದ್ದ ಸೀರೆಯನ್ನೇ ಉಟ್ಟು, ಟಿವಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕುಳಿತುಬಿಟ್ಟಳು.

"ಅತ್ತೆ, ನೀವು ಟಿವಿ ನೋಡೋದು. ಟಿವಿ ನಿಮ್ಮನ್ನ ನೋಡಲ್ಲ," ಎಂದು ಸೊಸೆ ಶಾಲಿನಿ ಉಪ್ಪಿಟ್ಟಿನ ರವೆ ಹುರಿಯುತ್ತಲೇ ಅಡುಗೆಮನೆಯಿಂದ ಕೂಗಿದಳು.

"ಇರ್ಲಿ ಬಿಡೇ. ಇವತ್ತು ನನ್ನ ಹಾಡು ಬರೋ ದಿನ."

ಈ ಮಾತಿನಲ್ಲಿ ದ್ಯಾವಮ್ಮನ ಬಹುಕಾಲದ ಆಸೆ ಇತ್ತು. ಕಳಸದಿಂದ ಹೊರನಾಡಿನ ದಾರಿಯುದ್ದಕ್ಕೂ ಯಾರ ಮನೆಯ ಮದುವೆಯಾದರೂ ಹೆಣ್ಣೊಪ್ಪಿಸುವ ಹೊತ್ತಿಗೆ ಸೋಬಾನೆ ಹೇಳಲು ಅವಳೇ ಬೇಕು. ಹೆಣ್ಣಿನ ಅಪ್ಪ, ಅಮ್ಮ, ಸೋದರಮಾವ ಎಲ್ಲರ ಹೆಸರನ್ನೂ ಅಲ್ಲಲ್ಲೇ ಪೋಣಿಸಿ ಹಾಡುವುದು ಅವಳ ಅತ್ತೆಯಿಂದ ಅವಳಿಗೆ ಬಂದ ವಿದ್ಯೆ. ಹಾಗಾಗಿ ಆ ಕಡೆಯ ಎಷ್ಟೋ ಮದುವೆಗಳ ಡಿವಿಡಿಯಲ್ಲಿ ದ್ಯಾವಮ್ಮ ಇದ್ದಾಳೆ, ಬಾಯಿ ಆಡಿಸುತ್ತಾಳೆ. ಸ್ವರ ಮಾತ್ರ ಒಂದರಲ್ಲೂ ಇಲ್ಲ. ವಿಡಿಯೋದವರ ಪದ್ಧತಿಯೇ ಹಾಗೆ: ಅಲ್ಲಿನ ಸದ್ದು ತೆಗೆದುಹಾಕಿ ಅದರ ಮೇಲೆ ಸಿನಿಮಾ ಹಾಡು ಹೊದಿಸಿಬಿಡುತ್ತಾರೆ. ಆದರೆ ಈ ಸಲ ಸ್ವಂತ ಮೊಮ್ಮಗ ಮೋಹಿತನದೇ ಸ್ಟುಡಿಯೋ, ಕಳಸದ ಬಸ್ ಸ್ಟ್ಯಾಂಡಿನ ಎದುರಿಗೆ. ತಂಗಿಯ ಮದುವೆಗೆ ಕ್ಯಾಮೆರಾ ಹಿಡಿದವನೂ ಅವನೇ. "ನಿನ್ನ ಹಾಡು ಪೂರ್ತಿ ಇಡ್ತೀನಿ ಅಜ್ಜಿ" ಎಂದು ಮಾತು ಕೊಟ್ಟಿದ್ದ. ದ್ಯಾವಮ್ಮ ಅದನ್ನು ಊರಿಗೆಲ್ಲ ಹೇಳಿದ್ದಳು. ಪಕ್ಕದ ಮನೆಯ ರಾಮಮ್ಮ ಬಂದು ಕುಳಿತಿದ್ದುದೂ ಅದಕ್ಕೇ.

ಡಿವಿಡಿ ಶುರುವಾಯಿತು. ಚಪ್ಪರ, ಧಾರೆ, ಪುರೋಹಿತರ ಮಂತ್ರ, ಎಲ್ಲ ಚೆನ್ನಾಗಿ ಕೇಳಿತು. ಹೆಣ್ಣೊಪ್ಪಿಸುವ ಶಾಸ್ತ್ರ ಬಂತು. ಟಿವಿಯೊಳಗೆ ದ್ಯಾವಮ್ಮ ಸೆರಗು ಸರಿಮಾಡಿಕೊಂಡು, ಕಣ್ಣು ಅರೆಮುಚ್ಚಿ ಬಾಯಿ ತೆರೆದಳು. ಆ ಬಾಯಿಂದ ಡೋಲು, ಕೀಬೋರ್ಡು, ಸಣ್ಣ ಹುಡುಗಿಯೊಬ್ಬಳ ಗಂಟಲಿನ ಕುಣಿತದ ಸಿನಿಮಾ ಹಾಡು ಹೊರಟಿತು.

ರಾಮಮ್ಮನಿಗೆ ತಡೆಯಲಾಗಲಿಲ್ಲ.

"ದ್ಯಾವಕ್ಕ! ಇಂಥಾ ಹಾಡು ಯಾವಾಗ ಕಲ್ತ್ರಿ ಮಾರಾಯ್ತಿ? ಸ್ವಲ್ಪ ಕುಣ್ದಿದ್ರೂ ಆಗ್ತಿತ್ತು!"

ಎಲ್ಲರೂ ನಕ್ಕರು. ದ್ಯಾವಮ್ಮನೂ ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಉಳಿದವರ ನಗು ನಿಂತ ಮೇಲೂ ಆ ಕೈಯನ್ನು ಅವಳು ತೆಗೆಯಲಿಲ್ಲ.

ಅವಳ ಮಗ ಶಂಕರನಿಗೆ ಸುಮ್ಮನಿರಲಾಗಲಿಲ್ಲ. ತೋಟದ ಪಂಪ್‌ಸೆಟ್ಟನ್ನು ಯಾರಿಗೂ ಮುಟ್ಟಗೊಡದೆ ತಾನೇ ರಿಪೇರಿ ಮಾಡುವ ಆಸಾಮಿ. ಎದ್ದು ಟಿವಿಯ ಹಿಂದೆ ತೂರಿಕೊಂಡು ಕೆಂಪು ವೈರನ್ನು ಬಿಳಿ ತೂತಿಗೆ, ಬಿಳಿಯದನ್ನು ಹಳದಿ ತೂತಿಗೆ ಸಿಕ್ಕಿಸಿದ. ಚಿತ್ರವೇ ಹೋಯಿತು. ಡಿಸ್ಕನ್ನು ತೆಗೆದು ಲುಂಗಿಯಿಂದ ಒರೆಸಿ ಮತ್ತೆ ಹಾಕಿದ. ಚಿತ್ರ ಬಂತು, ಅದೇ ಸಿನಿಮಾ ಹಾಡೂ ಬಂತು.

"ಏನೋ ಮೋಹಿತ, ಅಮ್ಮನ ಹಾಡು ಎಲ್ಲೋ?"

ಮೋಹಿತ ಅಡುಗೆಮನೆಯ ಬಾಗಿಲ ಕಡೆ ನೋಡಿದ. ಅಲ್ಲಿ ಶಾಲಿನಿ ಸೌಟು ಹಿಡಿದು ನಿಂತಿದ್ದಳು.

"ಸಾಫ್ಟ್‌ವೇರ್ ಪ್ರಾಬ್ಲಮ್ ಅಪ್ಪ," ಎಂದ. "ಆಡಿಯೋ ಸರಿಯಾಗಿ ಹಿಡೀಲಿಲ್ಲ."

"ಭಟ್ರ ಮಂತ್ರ ಹಿಡ್ದಿದೆಯಲ್ಲೋ," ಎಂದಳು ದ್ಯಾವಮ್ಮ.

"ಅವ್ರದ್ದು ದೊಡ್ಡ ಗಂಟ್ಲು ಅಜ್ಜಿ. ನಿಂದು ಸಣ್ಣ ಸ್ವರ. ಮೈಕಿಗೆ ಸಿಕ್ಕಿಲ್ಲ."

"ಹೌದನಾ," ಎಂದಳು ದ್ಯಾವಮ್ಮ. ಗಂಟಲನ್ನೊಮ್ಮೆ ಮುಟ್ಟಿ ನೋಡಿಕೊಂಡಳು.

ಎಲ್ಲರೂ ಹೋದ ಮೇಲೆ ಮೋಹಿತ ಅಡುಗೆಮನೆಗೆ ಬಂದು ತಟ್ಟೆಯನ್ನು ಸಿಂಕಿಗೆ ಹಾಕಿದ ಸದ್ದಿಗೇ ಶಾಲಿನಿಗೆ ಅವನ ಸಿಟ್ಟು ಗೊತ್ತಾಯಿತು.

"ಮೆಲ್ಲಗೆ ಇಡೋ. ಒಡ್ದೋಗುತ್ತೆ."

"ಅಜ್ಜಿ ಮುಖ ನೋಡಿದ್ಯಾ ಅಮ್ಮ?"

"ನೋಡ್ದೆ. ನನಗೇನು ಕಣ್ಣಿಲ್ವಾ?"

"ನೀನು ತೆಗಿ ಅಂದಿದ್ದಕ್ಕೆ ತೆಗ್ದೆ. ಈಗ ನೀನೇ ಹೋಗಿ ಹೇಳು."

"ಏನಂತ ಹೇಳ್ಲಿ? ಗಂಡಿನ ಕಡೆ ಹೆಂಗಸ್ರು ಮೊಬೈಲ್ ಹಿಡ್ಕೊಂಡು ಮುಸಿಮುಸಿ ನಗ್ತಿದ್ರು ಅಂತ ಹೇಳ್ಲಾ? ಅತ್ತೆ ಮಧ್ಯದಲ್ಲಿ ಸೆರಗಲ್ಲಿ ಮೂಗು ಒರ್ಸ್ಕೊಂಡು ಮತ್ತೆ ಶುರು ಮಾಡಿದ್ರಲ್ಲ, ಅದನ್ನ ಹೇಳ್ಲಾ? ಅವ್ರು ಮೂಡಿಗೆರೆ ಕಡೆ ದೊಡ್ಡ ಎಸ್ಟೇಟಿನವ್ರು, ಕ್ಲಬ್ಬಿಗೆ ಹೋಗೋ ಜನ. ಆ ಡಿವಿಡಿ ಅವ್ರ ಮನೇಲಿ ಹತ್ತು ಜನದ ಮುಂದೆ ಹಾಕ್ತಾರೆ. ನಮ್ಮ ಹುಡುಗಿ ಅಲ್ಲಿ ತಲೆ ಎತ್ತಿ ಇರೋದು ಬೇಡ್ವಾ?"

"ನಾನು ಅಜ್ಜಿಗೆ ಮಾತು ಕೊಟ್ಟಿದ್ದೆ."

"ಕೊಡೋವಾಗ ನನ್ನ ಕೇಳಿದ್ಯಾ?"

ಶಾಲಿನಿ ಕೆಟ್ಟವಳಲ್ಲ, ಅದನ್ನು ಹೇಳಿಬಿಡಬೇಕು. ಅತ್ತೆಗೆ ದಿನವೂ ಬಿಸಿನೀರು ಕಾಯಿಸಿಕೊಡುವವಳು ಅವಳೇ. ಮಂಡಿನೋವು ಹೆಚ್ಚಾದ ದಿನ ಎಣ್ಣೆ ತಿಕ್ಕುವವಳೂ ಅವಳೇ. ಆದರೆ ಆವತ್ತು ಛತ್ರದಲ್ಲಿ ಅವಳಿಗೆ ನಾಚಿಕೆಯಾಗಿತ್ತು, ನಾಚಿಕೆಯಾದಾಗ ಮನುಷ್ಯರಿಗೆ ತಮ್ಮವರೇ ಮೊದಲು ಹೊರೆಯಾಗಿ ಕಾಣುತ್ತಾರೆ.

ಮೋಹಿತನ ಸುಳ್ಳು ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಶಂಕರ ಬಿಡುವವನಲ್ಲ. ಊಟಕ್ಕೆ ಕುಳಿತಾಗಲೆಲ್ಲ ಅದೇ ಮಾತು.

"ಸಾಫ್ಟ್‌ವೇರ್ ಸರಿಯಾಯ್ತೇನೋ?"

"ನೋಡ್ತಿದೀನಿ ಅಪ್ಪ."

"ಎಂಥದು ತೊಂದ್ರೆ ಅಂತ ಬಾಯ್ಬಿಟ್ಟು ಹೇಳು ಮಾರಾಯ. ನನಗೂ ಸ್ವಲ್ಪ ಗೊತ್ತಾಗುತ್ತೆ."

ಮೋಹಿತ ರೊಟ್ಟಿ ಮುರಿಯುತ್ತ ಬೇರೊಂದು ಮದುವೆಯ ಕಥೆಯನ್ನು ಇದಕ್ಕೆ ಅಂಟಿಸಿದ. ಬಾಳೆಹೊಳೆಯವರ ಡಿವಿಡಿಯಲ್ಲಿ ಸದ್ದು ಮೊದಲು ಸರಿಯಾಗಿದ್ದು, ಬರುಬರುತ್ತ ಚಿತ್ರದಿಂದ ಹಿಂದೆ ಬಿದ್ದು, ಕೊನೆಗೆ ತಾಳಿ ಕಟ್ಟಿ ಆದ ಮೇಲೆ ಗಟ್ಟಿಮೇಳ ಕೇಳುತ್ತಿತ್ತು. ಕಂಪ್ಯೂಟರಿನಲ್ಲಿ ಸದ್ದು ಓಡುವ ಲೆಕ್ಕವನ್ನು ನಲವತ್ತೆಂಟು ಸಾವಿರದಲ್ಲಿ ಇಡಬೇಕಾದಲ್ಲಿ ನಲವತ್ತನಾಲ್ಕರಲ್ಲಿ ಇಟ್ಟದ್ದೇ ತಪ್ಪು. ಅದನ್ನು ಅವನು ಆ ವಾರವೇ ಸರಿಮಾಡಿ ಕೊಟ್ಟಿದ್ದ. ಅಪ್ಪನಿಗೆ ಮಾತ್ರ, "ಅಜ್ಜಿ ಹಾಡಿಗೂ ಅದೇ ತೊಂದ್ರೆ, ಫ್ರೀಕ್ವೆನ್ಸಿ ಮ್ಯಾಚ್ ಆಗ್ತಿಲ್ಲ," ಎಂದ. ಸುಳ್ಳು ಹೇಳುವವನಿಗೆ ನಾಲ್ಕು ಇಂಗ್ಲಿಷ್ ಪದ ಗೊತ್ತಿದ್ದರೆ ಅರ್ಧ ಕೆಲಸ ಹಗುರ. ಶಂಕರ ಗಂಭೀರವಾಗಿ ತಲೆದೂಗಿದ. ಶಾಲಿನಿ ಯಾರೂ ಕೇಳದೆಯೇ ಎಲ್ಲರ ತಟ್ಟೆಗೂ ಪಲ್ಯ ಬಡಿಸಿದಳು.

ದ್ಯಾವಮ್ಮ ಈ ಇಂಗ್ಲಿಷನ್ನೆಲ್ಲ ಬಿಟ್ಟು ತನಗೆ ತಿಳಿದದ್ದನ್ನು ಮಾತ್ರ ಹಿಡಿದುಕೊಂಡಳು: ತನ್ನ ಸ್ವರ ಸಣ್ಣದಾಗಿದೆ. ಮರುದಿನದಿಂದ ಬೆಳಿಗ್ಗೆ ಶುಂಠಿ, ಕಾಳುಮೆಣಸು ಜಜ್ಜಿ ಹಾಕಿದ ಕಷಾಯ ಶುರುವಾಯಿತು. ಕಣದಲ್ಲಿ ಮೆಣಸು ಒಣಗಲು ಹರವಿತ್ತು. ಕೋಳಿ ಓಡಿಸಲೆಂದು ಅಲ್ಲಿ ಕೂರುವುದು ಅವಳ ಕೆಲಸ. ಈಗ ಅಲ್ಲಿಂದ ಸೋಬಾನೆ ಏರಿದ ಸ್ವರದಲ್ಲಿ ಮನೆಯೊಳಗೆಲ್ಲ ಕೇಳತೊಡಗಿತು. ಕೋಳಿಗಳು ಬೇಲಿ ದಾಟಿ ರಾಮಮ್ಮನ ಹಿತ್ತಲು ಸೇರಿದವು.

"ಅತ್ತೆ, ಈ ಬಿಸಿಲಲ್ಲಿ ಯಾಕೆ ಹಿಂಗೆ ಕೂಗ್ತೀರಿ? ತಲೆನೋವು ಬರುತ್ತೆ."

"ಮಿಶಿನ್ನಿಗೆ ಕೇಳ್ಬೇಕಲ್ಲೇ. ಮೊನ್ನೆಗಿಂತ ಇವತ್ತು ಸ್ವಲ್ಪ ದಪ್ಪ ಆಗಿದೆ ಅಲ್ವಾ?"

"ಆಗಿದೆ," ಎಂದಳು ಶಾಲಿನಿ. ಒಳಗೆ ಬಂದು ಒರಳಿನ ಮುಂದೆ ಕೂತು ನಾಳಿನ ಕಷಾಯಕ್ಕೆ ತಾನೇ ಮೆಣಸು ಕುಟ್ಟಿದಳು. ಹೇಳಿಬಿಡಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದಳು, ದಿನಾ ಮೆಣಸು ಕುಟ್ಟಿ ಸುಮ್ಮನಾಗುತ್ತಿದ್ದಳು. ಕಷಾಯಕ್ಕೆ ಬೆಲ್ಲ ಮಾತ್ರ ಸ್ವಲ್ಪ ಹೆಚ್ಚು ಬೀಳುತ್ತಿತ್ತು.

ಒಂದು ಸಂತೆಯ ದಿನ ದ್ಯಾವಮ್ಮ ಯಾರಿಗೂ ಹೇಳದೆ ಕಳಸದ ಜೀಪು ಹತ್ತಿದಳು. ಸ್ಟುಡಿಯೋದಲ್ಲಿ ಮೋಹಿತ ಒಬ್ಬನೇ ಇದ್ದ.

"ಇದೇನಜ್ಜಿ ನೀನು ಇಲ್ಲಿ?"

"ಸ್ವರ ಸರಿಯಾಗಿದೆ ಕಣೋ. ಮೈಕ್ ತಗೊ. ಇನ್ನೊಂದ್ಸಲ ಹಾಡ್ಬಿಡ್ತೀನಿ, ಅದನ್ನೇ ಹಾಕು. ಸಿನಿಮಾದವ್ರು ಹಂಗೇ ಮಾಡ್ತಾರಂತಲ್ಲ, ಶಂಕರ ಹೇಳ್ದ."

ಬೇಡ ಎನ್ನಲು ಮೋಹಿತನಿಗೆ ಕಾರಣ ಸಿಗಲಿಲ್ಲ. ಅಜ್ಜಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಎದುರಿಗೆ ಮೈಕ್ ಇಟ್ಟು, ಕಂಪ್ಯೂಟರಿನಲ್ಲಿ ಹೆಣ್ಣೊಪ್ಪಿಸುವ ಚಿತ್ರವನ್ನು ಸದ್ದಿಲ್ಲದೆ ಓಡಿಸಿದ. ದ್ಯಾವಮ್ಮ ತನ್ನ ಬಾಯನ್ನೇ ನೋಡುತ್ತ ಹಾಡಿದಳು. ಅವಳು ಒಂದು ಸಾಲು ಮುಗಿಸುವಾಗ ಅಲ್ಲಿ ಬಾಯಿ ಮುಂದಿನ ಸಾಲಿನಲ್ಲಿತ್ತು. ಮತ್ತೊಮ್ಮೆ ಹಾಡಿದಳು, ಈಗ ಇವಳೇ ಮುಂದೆ. ಇನ್ನೊಮ್ಮೆ ಶುರುಮಾಡುವಷ್ಟರಲ್ಲಿ ಉಸಿರು ಸಿಕ್ಕಿ ಕೆಮ್ಮು ಬಂತು.

"ಆವತ್ತಿನ ಉಸುರು ಇವತ್ತಿಲ್ಲ ಕಣೋ. ತಡಿ, ನೀರು ಕುಡಿದು..."

"ಸಾಕಜ್ಜಿ."

"ಇಲ್ಲ, ಇನ್ನೊಂದ್ಸಲ. ನನ್ನಿಂದ ನಿಂಗೆ ಎಷ್ಟು ತೊಂದ್ರೆ ನೋಡು."

ಆ ಮಾತು ಕೇಳಿ ಮೋಹಿತನಿಗೆ ತಡೆಯಲಾಗಲಿಲ್ಲ. ತೆರೆಯ ಮೇಲೆ ಚಿತ್ರದ ಪಟ್ಟಿಯ ಕೆಳಗೆ ಸದ್ದಿನ ಎರಡು ಪಟ್ಟಿಗಳಿದ್ದವು. ಸಿನಿಮಾ ಹಾಡಿನದನ್ನು ಮುಚ್ಚಿ, ಇಷ್ಟು ದಿನ ತಾನು ಮುಚ್ಚಿಟ್ಟಿದ್ದ ಇನ್ನೊಂದನ್ನು ಒತ್ತಿ ತೆರೆದ.

ದ್ಯಾವಮ್ಮನ ಸ್ವರ ಕೋಣೆಯ ತುಂಬ ಕೇಳಿತು. ಸಣ್ಣದಲ್ಲ, ದಪ್ಪಗೆ, ಛತ್ರದ ಕೊನೆಯ ಸಾಲಿಗೂ ಕೇಳುವಂತಿತ್ತು. ಬಾಯಿಗೂ ಸ್ವರಕ್ಕೂ ಕೂದಲೆಳೆಯಷ್ಟೂ ಅಂತರವಿರಲಿಲ್ಲ.

ಹೊತ್ತಾರೆ ಎದ್ದೋಳು, ಹೊಸ್ತಿಲು ಬೆಳಗ್ದೋಳು
ಹೊತ್ತು ಹೆತ್ತೋಳು ಶಾಲಿನಿ, ಸೋಬಾನೆ
ಅವಳ ಕೈತುತ್ತು ಮರಿಬ್ಯಾಡ, ಸೋಬಾನೆ

ಆ ನುಡಿಯ ನಡುವೆಯೇ, ಕ್ಯಾಮೆರಾದ ತೀರ ಹತ್ತಿರದಿಂದ ಇನ್ನೊಂದು ಸ್ವರ, ಶಾಲಿನಿಯದು, ಪಿಸುಗುಟ್ಟಿತು. "ಲೋ ಮೋಹಿತ, ಆ ಮುದುಕಿ ಕೂಗಾಟ ತೆಗ್ದಾಕೋ. ಮಾನ ಹೋಗ್ತಿದೆ ನಂಗೆ."

ಮೋಹಿತನ ಕೈ ಮೌಸಿನ ಕಡೆ ಹಾರಿತು. ಈ ಮಾತು ಅದರೊಳಗಿದೆ ಎಂಬುದನ್ನೇ ಅವನು ಆ ಗಳಿಗೆಯಲ್ಲಿ ಮರೆತಿದ್ದ. ಎಲ್ಲ ನಿಂತಿತು, ಆದರೆ ಕೇಳಬಾರದ್ದು ಕೇಳಿಯಾಗಿತ್ತು.

ದ್ಯಾವಮ್ಮ ತೆರೆಯಿಂದ ಕಣ್ಣು ತೆಗೆಯಲಿಲ್ಲ.

"ಚೆನ್ನಾಗೇ ಹಿಡ್ದಿದೆಯಲ್ಲೋ," ಎಂದಳು.

"ತಪ್ಪಾಯ್ತಜ್ಜಿ."

"ಅವಳ ಹೆಸರು ಹೇಳೋ ಹೊತ್ತಿಗೇ ಅಂದಳಲ್ಲೋ. ಹೆಸರು ಕೇಳಿಸ್ಲೇ ಇಲ್ಲ ಅವಳಿಗೆ." ಆಮೇಲೆ ಕೇಳಿದಳು, "ಆ ಮಾತೊಂದನ್ನ ತೆಗ್ಯೋಕಾಗಲ್ವಾ?"

"ಮೊದ್ಲೇ ನೋಡಿದ್ದೆ ಅಜ್ಜಿ. ಎರಡೂ ಒಂದೇ ಮೈಕಲ್ಲಿ ಬಿದ್ದಿದೆ. ಆ ಮಾತು ಕತ್ತರಿಸಿದ್ರೆ ಅಮ್ಮನ ಹೆಸರೂ ಹೋಗುತ್ತೆ."

"ಹಂಗಾದ್ರೆ ಇರ್ಲಿ. ನಂಗೊಂದು ಡಿಸ್ಕು ಮಾಡ್ಕೊಡು. ನನ್ನ ಪೆಟ್ಟಿಗೇಲಿ ಇರುತ್ತೆ. ಯಾರಿಗೂ ಹಾಕ್ಬೇಡ." ಎದ್ದು ಸೆರಗು ಹೊದ್ದುಕೊಂಡಳು. "ನಿಮ್ಮಮ್ಮನಿಗಂತೂ ಬೇಡ್ವೇ ಬೇಡ. ಹೆಣ್ಣುಮಗಳು, ನೊಂದ್ಕೋತಾಳೆ."

ಮೋಹಿತ ಅಜ್ಜಿಯನ್ನು ಜೀಪಿಗೆ ಹತ್ತಿಸಿ ಬಂದು, ಶಟರ್ ಅರ್ಧ ಎಳೆದುಕೊಂಡು ಒಳಗೆ ಕುಳಿತು ಅತ್ತ.

ಮನೆಗೆ ಬಂದ ದ್ಯಾವಮ್ಮ ಸೊಸೆಗೆ, "ಕಷಾಯ ಇನ್ನು ಬೇಡ ಕಣೆ. ಮೋಹಿತ ಮಾಡಿ ನೋಡ್ದ. ನನ್ನ ಸ್ವರ ಕಂಪ್ಯೂಟರಿಗೆ ಆಗ್ಬರಲ್ಲ," ಎಂದಳು. ಕಣದಲ್ಲಿ ಹಾಡು ನಿಂತಿತು. ಕೋಳಿಗಳು ವಾಪಸ್ಸು ಬಂದವು. ದ್ಯಾವಮ್ಮ ಕೋಲಿನಿಂದ ಓಡಿಸಿದಳು. ರಾಮಮ್ಮ ತನ್ನ ತಮ್ಮನ ಮಗಳ ಮದುವೆಗೆ ಹಾಡಲು ಕರೆದಾಗ, "ಗಂಟ್ಲು ಹೋಗಿದೆ ಮಾರಾಯ್ತಿ," ಎಂದುಬಿಟ್ಟಳು. ಮೊದಲೆರಡು ದಿನ ಶಾಲಿನಿಗೆ ಹಾಯೆನಿಸಿತು. ಆಮೇಲೆ ಮನೆ ಅಷ್ಟು ಸುಮ್ಮನಿರುವುದೇ ಕಿರಿಕಿರಿಯಾಯಿತು. ಮೋಹಿತ ತಾಯಿಯ ಜೊತೆ ಕೇಳಿದ್ದಕ್ಕಷ್ಟೇ ಮಾತಾಡುತ್ತಿದ್ದ.

"ಏನಾಗಿದೆಯೋ ನಿಂಗೆ? ನಾನೇನು ಕೊಲೆ ಮಾಡಿದೀನಾ?"

"ಉಪ್ಪಿನಕಾಯಿ ಹಾಕು," ಎಂದ ಮೋಹಿತ.

ಮೆಣಸು ಒಣಗಿ ಚೀಲ ತುಂಬಿದ ಮೇಲೆ ಒಂದು ಭಾನುವಾರ ಬೀಗರು ಸೌಂದರ್ಯಳನ್ನೂ ಅಳಿಯ ನಂದನ್‌ನನ್ನೂ ಕರೆದುಕೊಂಡು ಊಟಕ್ಕೆ ಬಂದರು. ಕಡುಬು, ಕೋಳಿಸಾರು, ಪಾಯಸ. ಶಾಲಿನಿ ಹಿಂದಿನ ದಿನದಿಂದಲೇ ನಿಂತ ಕಾಲಲ್ಲಿ ದುಡಿದಿದ್ದಳು. ಊಟಕ್ಕೆ ಮೊದಲು ಕಾಫಿ ಕುಡಿಯುತ್ತ ಬೀಗಿತ್ತಿ ದ್ಯಾವಮ್ಮನ ಪಕ್ಕಕ್ಕೆ ಸರಿದು ಕುಳಿತರು.

"ಅಮ್ಮ, ನಿಮ್ಮತ್ರ ಒಂದು ಕೇಳ್ಬೇಕಿತ್ತು. ಡಿವಿಡಿಯಲ್ಲಿ ನಿಮ್ಮ ಹಾಡೇ ಇಲ್ವಲ್ಲ? ನಮ್ಮತ್ತೆ ಹಾಡ್ತಿದ್ರು. ಅವ್ರು ಹೋದ್ಮೇಲೆ ನಮ್ಮನೇಲಿ ಸೋಬಾನೆ ಹೇಳೋರೇ ಇಲ್ಲ. ಆವತ್ತು ಛತ್ರದಲ್ಲಿ ನಮ್ಮ ಹುಡುಗೀರು ಮೊಬೈಲಲ್ಲಿ ಹಿಡಿಯೋಕೆ ಹೋಗಿ ಏನೇನೋ ಒತ್ತಿ, ಒಂದೂ ಬರ್ದೆ ನಗಾಡ್ಕೊಂಡು ಕೂತ್ರು. ಡಿವಿಡಿಯಲ್ಲಾದ್ರೂ ಸಿಗುತ್ತೆ, ಕಲೀಬಹುದು ಅಂತಿದ್ದೆ."

ಶಾಲಿನಿ ಬಾಗಿಲಲ್ಲೇ ನಿಂತಳು. ಆವತ್ತು ಅವಳು ಮುಸಿಮುಸಿ ನಗುವೆಂದುಕೊಂಡದ್ದು ಇದೇ.

"ಏನು ಮಾಡೋದಮ್ಮ," ಎಂದಳು ದ್ಯಾವಮ್ಮ. "ಮುದಿ ಗಂಟ್ಲು. ಮಿಶಿನ್ನು ಹಿಡೀಲಿಲ್ಲ. ಹುಡ್ಗ ಪಾಪ ಎಷ್ಟು ಕಷ್ಟಪಟ್ಟ."

ಶಾಲಿನಿಗೆ ಕೈಯಲ್ಲಿದ್ದ ಲೋಟಗಳ ತಟ್ಟೆ ಭಾರವಾಯಿತು. ಕೆಳಗಿಟ್ಟಳು.

"ಹಿಡ್ದಿತ್ತು," ಎಂದಳು. "ಚೆನ್ನಾಗೇ ಹಿಡ್ದಿತ್ತು. ನಾನೇ ತೆಗೆಸ್ದೆ. ನೀವೆಲ್ಲ ನಗ್ತೀರಿ ಅಂತ ನಾನೇ ಮೋಹಿತನಿಗೆ ಹೇಳಿ ತೆಗೆಸ್ದೆ."

"ಏನೇ ಇದು?" ಎಂದ ಶಂಕರ. "ಫ್ರೀಕ್ವೆನ್ಸಿ ಅಂದಿದ್ಯಲ್ಲೋ ಮೋಹಿತ?"

ಸೌಂದರ್ಯ ಅಮ್ಮನನ್ನು ನೋಡಿದ ರೀತಿಗೆ ಶಾಲಿನಿ ನೆಲ ನೋಡಿದಳು. ಬೀಗಿತ್ತಿಯೇ ಮಾತು ತಿರುಗಿಸಿದರು. "ಅಯ್ಯೋ, ಅದಕ್ಕೇನೀಗ? ಇದ್ರೆ ಹಾಕಿ, ಈಗ್ಲೇ ಕೇಳೋಣ."

"ಇಲ್ಲಿಲ್ಲ, ಸ್ಟುಡಿಯೋದಲ್ಲಿದೆ," ಎಂದ ಮೋಹಿತ ಗಡಿಬಿಡಿಯಿಂದ.

"ಯಾಕಿಲ್ಲ? ಅಮ್ಮನ ಪೆಟ್ಟಿಗೇಲಿ ಒಂದು ಡಿಸ್ಕಿದೆ, ನಾನೇ ನೋಡಿದೀನಿ," ಎಂದು ಶಂಕರ ಎದ್ದೇಬಿಟ್ಟ.

"ಬೇಡ ಅಪ್ಪ!"

"ಹಾಕ್ಲಿ ಬಿಡೋ," ಎಂದಳು ಶಾಲಿನಿ. "ಹೇಳಿದ್ದಾಯ್ತಲ್ಲ. ಇನ್ನೇನು ಉಳ್ದಿದೆ?"

ಇನ್ನೂ ಏನು ಉಳಿದಿದೆ ಎಂದು ಆ ಕೋಣೆಯಲ್ಲಿ ಇಬ್ಬರಿಗಷ್ಟೇ ಗೊತ್ತಿತ್ತು. ಮೋಹಿತ ಅಜ್ಜಿಯ ಮುಖ ನೋಡಿದ. ದ್ಯಾವಮ್ಮ ಕಾಫಿ ಲೋಟವನ್ನು ಕೆಳಗಿಟ್ಟು ನೆಟ್ಟಗೆ ಕುಳಿತಳು.

ಶಂಕರ ಈ ಸಲ ವೈರು ಸರಿಯಾಗಿ ಹಾಕಿದ. ಟಿವಿಯಿಂದ ಸೋಬಾನೆ ಬಂತು. ಬೀಗಿತ್ತಿ ಕೈಜೋಡಿಸಿಕೊಂಡು ಕುಳಿತರು. ಸೌಂದರ್ಯ ಅಜ್ಜಿಯ ಕಾಲ ಬಳಿ ಕೂತಳು. ಅಪ್ಪನ ಹೆಸರಿನ ನುಡಿ ಬಂದಾಗ ಶಂಕರ, "ನಂದು, ನಂದು," ಎಂದ. ಮುಂದಿನದು ಹೆತ್ತವಳ ನುಡಿ.

ಅದರ ಮೊದಲ ಪದಕ್ಕೇ ದ್ಯಾವಮ್ಮ ಬಾಯಿ ತೆರೆದಳು. ವಾರಗಟ್ಟಲೆ ಸುಮ್ಮನಿದ್ದ ಗಂಟಲು ಮೊದಲು ಒಡೆಯಿತು. ಆಮೇಲೆ ಅವಳು ಇದ್ದಷ್ಟೂ ಉಸಿರು ಕೂಡಿಸಿ, ಟಿವಿಯನ್ನೂ ಮೀರಿಸಿ ಹಾಡಿದಳು. ಹೊತ್ತಾರೆ ಎದ್ದೋಳು, ಹೊಸ್ತಿಲು ಬೆಳಗ್ದೋಳು. ಶಾಲಿನಿಗೆ ತನ್ನ ಹೆಸರು ಕೇಳಿತು, ಟಿವಿಯಿಂದ ಒಮ್ಮೆ, ಅತ್ತೆಯ ಬಾಯಿಂದ ಒಮ್ಮೆ. ಯಾರಾದರೂ ತನ್ನ ಹೆಸರು ಹಾಡುವುದನ್ನು ಅವಳು ಇದುವರೆಗೆ ಕಿವಿಗೊಟ್ಟು ಕೇಳಿರಲಿಲ್ಲ.

ಅದೇ ಹೊತ್ತಿಗೆ ತೆರೆಯ ಮೂಲೆಯಲ್ಲಿ ಹಸಿರು ಬಳೆಯ ಕೈಯೊಂದು ಕ್ಯಾಮೆರಾದ ಬೆಲ್ಟು ಹಿಡಿದು ಎಳೆಯಿತು. ಚಿತ್ರ ಅಲುಗಿತು. ಶಾಲಿನಿಗೆ ಆ ಬಳೆಗಳು ಗೊತ್ತಾದವು. ಎರಡು ಹಾಡುಗಳ ಅಡಿಯಲ್ಲಿ ಪಿಸುಮಾತೊಂದು ಹರಿದುಹೋಯಿತು. ಬೀಗರಿಗೆ ಅದು ಕೇಳಲಿಲ್ಲ. ಶಂಕರನಿಗೆ ಕೇಳಲಿಲ್ಲ. ಶಾಲಿನಿಗೆ ಕೇಳಿತು; ತಾನು ಆಡಿದ ಮಾತು ತನಗೆ ತಿಳಿಯದಿರುತ್ತದೆಯೇ? ಅತ್ತೆ ಯಾಕೆ ಇಷ್ಟು ಗಟ್ಟಿಯಾಗಿ ಹಾಡುತ್ತಿದ್ದಾಳೆಂಬುದೂ ಆಗಲೇ ತಿಳಿಯಿತು.

ನುಡಿ ಮುಗಿಯಿತು. ದ್ಯಾವಮ್ಮ ಕೆಮ್ಮಿದಳು, ಸೆರಗಿನಿಂದ ಮೂಗು ಒರೆಸಿಕೊಂಡಳು.

"ಮುದುಕಿ ನಾನು, ಹಾಡು ಕೇಳಿದ್ರೆ ಬಾಯಿ ಸುಮ್ನಿರಲ್ಲ," ಎಂದಳು.

ಬೀಗಿತ್ತಿ ಕಣ್ಣೊರೆಸಿಕೊಂಡರು. ಶಂಕರ ಖುಷಿಯಿಂದ ಮಗನ ಬೆನ್ನು ತಟ್ಟಿದ. "ನೋಡು, ಈಗ ಬಾಯಿಗೂ ಸ್ವರಕ್ಕೂ ಸರಿಯಾಗಿ ಕೂತಿದೆ!"

"ಶಾಲಿನಿ, ಕಡುಬು ಆರುತ್ತೆ," ಎಂದಳು ದ್ಯಾವಮ್ಮ. "ಎಲೆ ಹಾಕಮ್ಮ."

ಎಲೆ ಹಾಕಿದರು. ಶಾಲಿನಿ ಬೀಗರಿಗೆ ಬಡಿಸಿದಳು, ಅಳಿಯನಿಗೆ ಬಡಿಸಿದಳು, ಅತ್ತೆಯ ಎಲೆಯ ಮುಂದೆ ಬಗ್ಗಿದಳು. ಒಂದು ಕಡುಬು ಹಾಕಿದವಳು ಅಲ್ಲಿಂದ ಏಳಲಿಲ್ಲ.

"ಅತ್ತೆ," ಎಂದಳು.

"ಇನ್ನೊಂದು ಹಾಕೇ," ಎಂದಳು ದ್ಯಾವಮ್ಮ ಮೆಲ್ಲಗೆ. "ಹಾಡಿ ಹಸಿವಾಗಿದೆ."

ಶಾಲಿನಿ ಇನ್ನೊಂದು ಕಡುಬು ಹಾಕಿದಳು. ಅವಳಿಗೆ ತ‌ಲೆ ಎತ್ತಲಾಗಲಿಲ್ಲ.